ಜಿಂಥಿಯನ್ ವಿ5: ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟು ಸಾಫ್ಟ್‌ವೇರ್ ಸಿಂಥ್ ನುಡಿಸಲು

ಜಿಂಥಿಯನ್ ವಿ5 ಎಂದರೆ ಲ್ಯಾಪ್‌ಟಾಪ್ ಇಲ್ಲದೆ ಸಾಫ್ಟ್‌ವೇರ್ ಸಿಂಥ್‌ಗಳನ್ನು ಓಡಿಸುವ ಪೆಟ್ಟಿಗೆ, ನುಡಿಸಲು ಕೀಬೋರ್ಡನ್ನು ಬೇರೆ ಜೋಡಿಸಬೇಕು. ಇದನ್ನು ಕೊಳ್ಳುವ ಮುಂಚೆ ಒಂದು ವಿಷಯ ಖಚಿತ ಮಾಡಿಕೊಳ್ಳಿ. ನೀವು ದಿನವೂ ನುಡಿಸುವ ಪ್ಲಗಿನ್‌ಗೆ (ಸಿಂಥ್ ಸಾಫ್ಟ್‌ವೇರ್‌ಗೆ) ಆರ್ಮ್ ಪ್ರೊಸೆಸರ್‌ಗೆಂದೇ ಮಾಡಿದ ಲಿನಕ್ಸ್ ಆವೃತ್ತಿ ಇದೆಯೇ? ಇಲ್ಲವಾದರೆ ಈ ಪೆಟ್ಟಿಗೆ ನಿಮಗಲ್ಲ. ಇದರೊಳಗಿರುವುದು ಆರ್ಮ್ ಪ್ರೊಸೆಸರ್‌ನ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4. ವಿಂಡೋಸ್ ಪ್ಲಗಿನ್‌ನ ಡಿಎಲ್‌ಎಲ್ ಫೈಲನ್ನು ನಕಲು ಮಾಡಿ ಹಾಕಿದರೆ ಏನೂ ಆಗದು, ಇಂಟೆಲ್ ಲಿನಕ್ಸ್‌ಗೆ ಮಾಡಿದ ಪ್ಲಗಿನ್ ಕೂಡ ಓಡದು. ಹಿಂದೆ ಮ್ಯೂಸ್ ರಿಸರ್ಚ್‌ನ ರಿಸೆಪ್ಟರ್‌ನಂಥ ಯಂತ್ರಗಳು ಪಿಸಿ ಪ್ರೊಸೆಸರ್ ಇಟ್ಟುಕೊಂಡು ವಿಂಡೋಸ್ ಪ್ಲಗಿನ್‌ಗಳನ್ನೇ ಲಿನಕ್ಸ್ ಮೇಲೆ ಓಡಿಸುತ್ತಿದ್ದವು. ಜಿಂಥಿಯನ್‌ನ ದಾರಿ ಬೇರೆ. ಮುಕ್ತ ಆಕರದ ಸಿಂಥ್‌ಗಳು ಮತ್ತು ಎಲ್‌ವಿ2 ಎಂಬ ಮಾದರಿಯ ಪ್ಲಗಿನ್‌ಗಳ ಮೇಲೆ ಇದು ನಿಂತಿದೆ. ಜಿನ್‌ಆಡ್‌ಸಬ್‌ಎಫ್‌ಎಕ್ಸ್, ಸರ್ಜ್, ಯಮಹಾದ ಡಿಎಕ್ಸ್7 ಸಿಂಥ್‌ನ ಧ್ವನಿ ಕೊಡುವ ಡೆಕ್ಸೆಡ್, ಹ್ಯಾಮಂಡ್ ಆರ್ಗನ್‌ಗೆ ಸೆಟ್‌ಬಿಫ್ರೀ, ಸೌಂಡ್‌ಫಾಂಟ್‌ಗಳಿಗೆ (ಮುದ್ರಿತ ಧ್ವನಿಗಳ ಫೈಲ್‌ಗಳಿಗೆ) ಫ್ಲೂಯಿಡ್‌ಸಿಂಥ್ ಎಲ್ಲವೂ ಮೊದಲೇ ಇರುತ್ತವೆ. ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್‌ಗಳ ಪೈಕಿ ಪಿಯಾನೋ ಧ್ವನಿಯ ಪಿಯಾನೋಟೆಕ್‌ಗೆ ಆರ್ಮ್ ಆವೃತ್ತಿ ಇದೆ. ಅದರ ಟ್ರಯಲ್‌ನಲ್ಲಿ ಕೆಲವು ಕೀಗಳು ಮೌನವಾಗಿರುತ್ತವೆ, 20 ನಿಮಿಷಕ್ಕೆ ಧ್ವನಿ ನಿಲ್ಲುತ್ತದೆ. ಕೀಬೋರ್ಡ್ ಕೆಟ್ಟಿತೆಂದು ಗಾಬರಿಯಾಗುವ ಮೊದಲು ಲೈಸೆನ್ಸ್ ಹಾಕಿದೆಯೇ ನೋಡಿ.

ಮೈಕಟ್ಟಿನ ಬಗ್ಗೆ ದೂರಿಲ್ಲ. ಟಚ್ ಪರದೆ, ಒತ್ತಲೂ ಬರುವ ನಾಲ್ಕು ನಾಬ್‌ಗಳು, ಬಣ್ಣದ ದೀಪವಿರುವ ಗುಂಡಿಗಳು, ದೊಡ್ಡ ಜ್ಯಾಕ್‌ನ ಬ್ಯಾಲೆನ್ಸ್ಡ್ ಔಟ್‌ಪುಟ್, ವಾದ್ಯಗಳ ನಡುವೆ ಸ್ವರದ ಸಂದೇಶ ಸಾಗಿಸುವ ಐದು ಪಿನ್‌ನ ಮಿಡಿ. ಕಿಟ್ ಜೋಡಿಸಲು ಬೆಸುಗೆ ಬೇಡ, ಸ್ಕ್ರೂಡ್ರೈವರ್ ಸಾಕು. ಪರದೆಯ ಚಪ್ಪಟೆ ಕೇಬಲ್ ಕೂರಿಸುವಾಗ ಮಾತ್ರ ಅವಸರ ಬೇಡ. ಮೊದಲು ಕನೆಕ್ಟರಿನ ಚಿಲಕ ಎತ್ತಿ, ಕೇಬಲ್ಲನ್ನು ಕೊನೆಯವರೆಗೆ ನೇರವಾಗಿ ಇಳಿಸಿ, ಆಮೇಲೆ ಚಿಲಕ ಒತ್ತಿ. ಸ್ವಲ್ಪ ಓರೆಯಾದರೂ ಪರದೆ ಕಪ್ಪಾಗಿಯೇ ಉಳಿಯುತ್ತದೆ.

ಇದರ ಯೋಗ್ಯತೆ ಗೊತ್ತಾಗುವುದು ಬಫರ್ ಲೆಕ್ಕದಲ್ಲಿ. ಬಫರ್ ಎಂದರೆ ಒಂದು ಸುತ್ತಿನಲ್ಲಿ ಒಟ್ಟಿಗೆ ಲೆಕ್ಕ ಹಾಕುವ ಸ್ಯಾಂಪಲ್‌ಗಳ ಕಟ್ಟು. ಸೆಕೆಂಡಿಗೆ 48,000 ಸ್ಯಾಂಪಲ್ ದರದಲ್ಲಿ 256ರ ಬಫರ್ ಇಟ್ಟರೆ ಒಂದು ಸುತ್ತಿಗೆ ಸಿಗುವ ಸಮಯ 5.3 ಮಿಲಿಸೆಕೆಂಡ್. ಎರಡು ಬಫರ್ ಸೇರಿದರೆ ಒಟ್ಟು ವಿಳಂಬ ಸುಮಾರು 10.7. ಪ್ಯಾಡ್, ಸ್ಟ್ರಿಂಗ್ಸ್ ನುಡಿಸುವವರಿಗೆ ಇದು ಗೊತ್ತೇ ಆಗದು. ಪಿಯಾನೋ, ಕ್ಲಾವಿನೆಟ್‌ನಂಥ ತಟ್ಟನೆ ಏಳುವ ಧ್ವನಿಗೆ 128 ಹಿತ, ಒಟ್ಟು ವಿಳಂಬ 5.3ಕ್ಕೆ ಇಳಿಯುತ್ತದೆ. ಆದರೆ ಆಗ ಪ್ರತಿ ಸುತ್ತಿನ ಕೆಲಸ ಮುಗಿಸಲು ಪ್ರೊಸೆಸರ್‌ಗೆ ಸಿಗುವುದು 2.7 ಮಿಲಿಸೆಕೆಂಡ್ ಮಾತ್ರ. ಅಷ್ಟರೊಳಗೆ ಮುಗಿಯದಿದ್ದರೆ ಪಟ್ ಎಂದು ಸದ್ದು ಕೇಳುತ್ತದೆ, ಪರದೆಯ ಮೇಲ್ತುದಿಯಲ್ಲಿ ಎಕ್ಸ್‌ರನ್ (ಗಡುವು ತಪ್ಪಿತು ಎಂಬ) ಗುರುತು ಮಿನುಗುತ್ತದೆ. 64ಕ್ಕೆ ಇಳಿಸುವ ಹಟ ಬೇಡ.

ಇಲ್ಲಿ ಹಲವರು ಎಡವುತ್ತಾರೆ. ಪ್ರೊಸೆಸರ್ ಲೋಡ್ ಶೇ. 40ರ ಆಸುಪಾಸಿನಲ್ಲಿದ್ದರೂ ಸದ್ದು ಒಡೆಯಬಹುದು. ಪೈ 4ರಲ್ಲಿ ನಾಲ್ಕು ಕೋರ್‌ಗಳಿವೆ. ಒಂದೇ ಚೈನ್‌ನಲ್ಲಿ (ಸಿಂಥ್ ಮತ್ತು ಎಫೆಕ್ಟ್‌ಗಳ ಸರಪಳಿಯಲ್ಲಿ) ಸಿಂಥ್, ಅದರ ಹಿಂದೆ ಕೋರಸ್, ಆಮೇಲೆ ಡಿಲೇ, ಕೊನೆಗೆ ರಿವರ್ಬ್ ಇಟ್ಟರೆ ಒಂದು ಮುಗಿಯದೆ ಇನ್ನೊಂದು ಶುರುವಾಗದು. ನಾಲ್ಕರ ಸಮಯವೂ ಕೂಡಿಕೊಂಡು ಆ 2.7 ಮಿಲಿಸೆಕೆಂಡ್‌ನೊಳಗೆ ಬರಬೇಕು, ಉಳಿದ ಕೋರ್‌ಗಳು ಸುಮ್ಮನೆ ಕೂತಿರುತ್ತವೆ. ಅದೇ ಪಿಯಾನೋ ಒಂದು ಚೈನ್, ಪ್ಯಾಡ್ ಇನ್ನೊಂದು ಚೈನ್ ಆದರೆ ಎರಡೂ ಏಕಕಾಲಕ್ಕೆ ಬೇರೆ ಬೇರೆ ಕೋರ್‌ಗಳಲ್ಲಿ ನಡೆಯುತ್ತವೆ. ಆದ್ದರಿಂದ ಚೈನ್‌ಗಳು ಹೆಚ್ಚಾದರೂ ಚಿಂತೆಯಿಲ್ಲ, ಒಂದೊಂದೂ ಗಿಡ್ಡವಾಗಿರಲಿ. ಪ್ರತಿ ಚೈನ್‌ಗೂ ಒಂದೊಂದು ರಿವರ್ಬ್ ಹಾಕುವ ಬದಲು ಎಲ್ಲಕ್ಕೂ ಸೇರಿ ಕೊನೆಯಲ್ಲಿ ಒಂದೇ ಇರಲಿ. ಸರ್ಜ್‌ನಲ್ಲಿ ಪಾಲಿಫೋನಿ (ಒಮ್ಮೆಗೆ ಏಳುವ ಸ್ವರಗಳ ಮಿತಿ) 16ರಿಂದ 8ಕ್ಕೆ ಇಳಿಸಿ, ಯೂನಿಸನ್ ದನಿಗಳನ್ನು (ಒಂದೇ ಸ್ವರಕ್ಕೆ ಪೇರಿಸುವ ಪ್ರತಿಗಳನ್ನು) ತಗ್ಗಿಸಿ. ಏಳು ದನಿಯ ಯೂನಿಸನ್‌ನಲ್ಲಿ ನಾಲ್ಕು ಸ್ವರ ಒಟ್ಟಿಗೆ ಹಿಡಿದರೆ ಧ್ವನಿ ಹುಟ್ಟಿಸುವ 28 ಆಸಿಲೇಟರ್‌ಗಳು ಒಮ್ಮೆಗೇ ಎದ್ದ ಹಾಗೆ. ಪಿಯಾನೋಟೆಕ್‌ನಲ್ಲಿ ಒಳಗಿನ ಸ್ಯಾಂಪಲ್ ದರವನ್ನು ಅರ್ಧಕ್ಕಿಳಿಸಿದರೆ ಮೇಲಿನ ಹೊಳಪು ಕೊಂಚ ಕುಂದುತ್ತದೆ. ವಾದ್ಯವೃಂದದ ನಡುವೆ ಅದು ಯಾರ ಕಿವಿಗೂ ಬೀಳದು.

ಸ್ಯಾಂಪಲ್ ಆಧಾರಿತ ಧ್ವನಿಗಳಿಗೆ ಮೆಮೊರಿಯ ಮಿತಿ ಇದೆ. ಫ್ಲೂಯಿಡ್‌ಸಿಂಥ್ ಸಾಮಾನ್ಯವಾಗಿ ಇಡೀ ಸೌಂಡ್‌ಫಾಂಟನ್ನು ರ‍್ಯಾಮ್‌ಗೆ ಎಳೆದುಕೊಳ್ಳುತ್ತದೆ. 1 ಜಿಬಿಯ ಪಿಯಾನೋ ಫೈಲ್ ಹಾಕಿದರೆ ತೆರೆಯಲು ಹೊತ್ತು ಹಿಡಿಯುತ್ತದೆ, ಅಂಥವು ಎರಡು ಮೂರಾದರೆ ಯಂತ್ರವೇ ಕುಂಟುತ್ತದೆ. ದೊಡ್ಡ ಸ್ಯಾಂಪಲ್‌ಗಳಿಗೆ ಲಿನಕ್ಸ್‌ಸ್ಯಾಂಪ್ಲರ್ ವಾಸಿ. ಸ್ವರದ ಆರಂಭವನ್ನಷ್ಟೇ ಮೆಮೊರಿಯಲ್ಲಿಟ್ಟು ಮಿಕ್ಕದ್ದನ್ನು ಎಸ್‌ಡಿ ಕಾರ್ಡ್‌ನಿಂದ ಓದುತ್ತದೆ. ಹಾಗಾಗಿ ಅಗ್ಗದ ಎಸ್‌ಡಿ ಕಾರ್ಡ್ ಹಾಕಿ ಅದರ ಮೇಲೆ ಪಿಯಾನೋ ನುಡಿಸಲು ಹೋಗಬೇಡಿ. ಪೆಡಲ್ ಒತ್ತಿ ದಟ್ಟವಾಗಿ ನುಡಿಸುವಾಗಲೇ ಅದು ಕೈಕೊಡುತ್ತದೆ.

ಧ್ವನಿ ಕಟ್ಟುವ ಕೆಲಸಕ್ಕೆ ಪೆಟ್ಟಿಗೆಯ ಪರದೆ ಒಗ್ಗದು. ಒಂದು ಪುಟದಲ್ಲಿ ನಾಲ್ಕೇ ನಿಯಂತ್ರಣಗಳು. ಸರ್ಜ್‌ನಂಥ ಸಿಂಥ್‌ನಲ್ಲಿ ಒಂದು ಎನ್ವಲಪ್ (ಧ್ವನಿಯ ಏರಿಳಿತದ ನಿಯಂತ್ರಣ) ಹುಡುಕಲು ಪುಟದ ಮೇಲೆ ಪುಟ ತಿರುವಬೇಕು. ಪೆಟ್ಟಿಗೆಯನ್ನು ನೆಟ್‌ವರ್ಕ್‌ಗೆ ಸೇರಿಸಿ, ಕಂಪ್ಯೂಟರ್ ಬ್ರೌಸರ್‌ನಲ್ಲಿ ಅದರ ವೆಬ್ ಪುಟ ತೆರೆಯಿರಿ. ಸೌಂಡ್‌ಫಾಂಟ್ ಸೇರಿಸುವುದು, ಬೇಡದ ಎಂಜಿನ್‌ಗಳನ್ನು (ಸಿಂಥ್, ಎಫೆಕ್ಟ್‌ಗಳನ್ನು) ಪಟ್ಟಿಯಿಂದ ತೆಗೆಯುವುದು, ದೂರದ ಪರದೆ ತೋರಿಸುವ ವಿಎನ್‌ಸಿ ಮೂಲಕ ಪ್ಲಗಿನ್‌ನ ಪೂರ್ಣ ಪರದೆ ನೋಡುವುದು ಎಲ್ಲ ಅಲ್ಲೇ ಆಗುತ್ತದೆ. ಮನೆಯಲ್ಲಿ ಧ್ವನಿ ಕಟ್ಟಿ ಉಳಿಸಿ. ವೇದಿಕೆಯ ಮೇಲೆ ಫಿಲ್ಟರ್, ರಿವರ್ಬ್ ಪ್ರಮಾಣದಂಥ ನಾಲ್ಕಾರು ಸಂಗತಿಗಳನ್ನು ಮಾತ್ರ ಮಿಡಿ ಲರ್ನ್ ಎಂಬ ಸೌಲಭ್ಯದಿಂದ ಕೀಬೋರ್ಡ್‌ನ ನಾಬ್‌ಗಳಿಗೆ ಕೊಡಿ.

ಹಾಡಿನಿಂದ ಹಾಡಿಗೆ ಧ್ವನಿ ಬದಲಿಸಲು ಎರಡು ಬಗೆಯ ಸ್ಮೃತಿ ಇದೆ, ವ್ಯತ್ಯಾಸ ತಿಳಿದಿರಲೇಬೇಕು. ಸ್ನ್ಯಾಪ್‌ಶಾಟ್ ಎಂದರೆ ಇಡೀ ಜೋಡಣೆ. ಅದನ್ನು ತೆರೆದರೆ ಎಂಜಿನ್‌ಗಳು ಹೊಸದಾಗಿ ಶುರುವಾಗಬೇಕು, ಕೆಲವು ಸೆಕೆಂಡ್ ಮೌನ. ಜೆಡ್‌ಎಸ್3 ಎಂಬ ಉಪ ಸ್ನ್ಯಾಪ್‌ಶಾಟ್ ಈಗಿರುವ ಎಂಜಿನ್‌ಗಳ ಸ್ಥಿತಿಯನ್ನಷ್ಟೇ ಬದಲಿಸುತ್ತದೆ. ಕೀಬೋರ್ಡ್‌ನಿಂದ ಪ್ರೋಗ್ರಾಂ ಚೇಂಜ್ ಎಂಬ ಮಿಡಿ ಸಂದೇಶ ಕಳಿಸಿದರೆ ಸಾಕು, ಬದಲಾಗುತ್ತದೆ. ಇಡೀ ಕಾರ್ಯಕ್ರಮಕ್ಕೆ ಒಂದೇ ಸ್ನ್ಯಾಪ್‌ಶಾಟ್ ಇರಲಿ, ಹಾಡುಗಳೆಲ್ಲ ಅದರೊಳಗಿನ ಜೆಡ್‌ಎಸ್3ಗಳಾಗಲಿ. ಪಿಯಾನೋದಿಂದ ಆರ್ಗನ್‌ಗೆ ಹೋಗುವಾಗ ಒಂದೇ ಚೈನ್‌ನಲ್ಲಿ ಪ್ರಿಸೆಟ್ ಬದಲಿಸಿದರೆ ಹಿಡಿದ ಸ್ವರ ಕತ್ತರಿಸಿದಂತೆ ನಿಲ್ಲುತ್ತದೆ. ಎರಡಕ್ಕೂ ಬೇರೆ ಚೈನ್ ಇಟ್ಟು ಮಟ್ಟ ಮಾತ್ರ ಬದಲಿಸಿದರೆ ಆ ತೊಂದರೆ ಇಲ್ಲ.

ಕೀಬೋರ್ಡ್ ಜೋಡಿಸಲು ಯುಎಸ್‌ಬಿಯೋ, ಐದು ಪಿನ್‌ನ ಮಿಡಿಯೋ? ಪಿನ್ ಮಿಡಿಯ ವೇಗ ಸೆಕೆಂಡಿಗೆ 31,250 ಬಿಟ್, ಒಂದು ಸ್ವರದ ಸಂದೇಶಕ್ಕೆ ಸುಮಾರು 1 ಮಿಲಿಸೆಕೆಂಡ್. ಎರಡೂ ಕೈಯಿಂದ ಎಂಟು ಸ್ವರ ಒಮ್ಮೆಗೇ ಒತ್ತಿದರೆ ಕೊನೆಯದು ಮೊದಲನೆಯದಕ್ಕಿಂತ 5ರಿಂದ 7 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಬಫರ್ ಇಳಿಸಿ ಗಳಿಸಿದ್ದು ಅಲ್ಲೇ ಹೋಯಿತು. ಕೀಬೋರ್ಡ್‌ಗೆ ಯುಎಸ್‌ಬಿ ಬಳಸಿ. ಆದರೆ ಅದೇ ಯುಎಸ್‌ಬಿಯಲ್ಲಿ ಸ್ವಂತ ಅಡಾಪ್ಟರ್ ಇರುವ ಕೀಬೋರ್ಡ್ ಸೇರಿ, ಎರಡರ ಧ್ವನಿಯೂ ಒಂದೇ ಮಿಕ್ಸರ್‌ಗೆ ಹೋದರೆ ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಉಂಟಾಗುವ ಗ್ರೌಂಡ್ ಲೂಪ್‌ನಿಂದ ಗುಂಯ್ ಎಂಬ ಸದ್ದು ಬರಬಹುದು. ಮಿಕ್ಸರ್‌ಗೆ ಹೋಗುವ ದಾರಿಯಲ್ಲಿ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಹಾಕಿದರೆ ಅದು ಹೋಗುತ್ತದೆ. ಪಿನ್ ಮಿಡಿಯಲ್ಲಿ ಸಂದೇಶವನ್ನು ಬೆಳಕಿನಿಂದ ದಾಟಿಸುವ ಆಪ್ಟೋ ಐಸೊಲೇಟರ್ ಇರುವುದರಿಂದ ಈ ಸಮಸ್ಯೆ ಏಳುವುದಿಲ್ಲ.

ವಿದ್ಯುತ್ತಿನಲ್ಲಿ ಜಿಪುಣತನ ಬೇಡ. 5.1 ವೋಲ್ಟ್, 3 ಆಂಪ್ಸ್‌ನ ಪೈ ಅಡಾಪ್ಟರ್ ಬೇಕೇ ಬೇಕು. ಫೋನ್ ಚಾರ್ಜರ್ ಮತ್ತು ಉದ್ದನೆಯ ತೆಳು ಕೇಬಲ್ ಸೇರಿದರೆ ವೋಲ್ಟೇಜ್ ಕುಸಿದು ಪ್ರೊಸೆಸರ್ ತಾನಾಗಿ ವೇಗ ತಗ್ಗಿಸುತ್ತದೆ, ನಿನ್ನೆ ಸರಿಯಿದ್ದ ಚೈನ್ ಇಂದು ಒಡೆದು ಕೇಳುತ್ತದೆ. 80 ಡಿಗ್ರಿ ಬಿಸಿಯಾದರೂ ಇದೇ ಪಾಡು. ಬಿಸಿಲು ಬೀಳುವಲ್ಲಿ ಇಡಬೇಡಿ, ಬೇರೆ ಬಿಸಿ ಯಂತ್ರದ ಮೇಲೂ ಬೇಡ.

ಆಫ್ ಮಾಡುವಾಗ ಮೆನುವಿನ ಪವರ್ ಆಫ್‌ನಿಂದಲೇ ಮಾಡಿ. ಬರೆಯುತ್ತಿರುವಾಗ ಪ್ಲಗ್ ಕಿತ್ತರೆ ಕಾರ್ಡ್‌ನ ಫೈಲ್ ವ್ಯವಸ್ಥೆ ಕೆಡಬಹುದು. ಜೋಡಣೆ ಮುಗಿದ ದಿನವೇ ಕಾರ್ಡ್‌ನ ಪೂರ್ತಿ ಪ್ರತಿ ತೆಗೆದು ಎರಡನೇ ಕಾರ್ಡ್‌ಗೆ ಬರೆದು ಚೀಲದಲ್ಲಿಡಿ. ಅಪ್‌ಡೇಟನ್ನು ಮೊದಲು ಆ ಎರಡನೇ ಕಾರ್ಡ್‌ನಲ್ಲಿ ಹಾಕಿ, ಎಲ್ಲ ಸ್ನ್ಯಾಪ್‌ಶಾಟ್ ತೆರೆದು ನುಡಿಸಿ ನೋಡಿ. ಕಾರ್ಯಕ್ರಮದ ಹಿಂದಿನ ದಿನ ಮಾತ್ರ ಅಪ್‌ಡೇಟ್ ಗುಂಡಿ ಮುಟ್ಟಲೇಬೇಡಿ.