ಸೋತ ಮೇಲಿನ ಹತ್ತು ಸೆಕೆಂಡ್: ಈಚೆಗೆ ಆಡಿದ ನಾಲ್ಕು ಗೇಮ್‌ಗಳು

ಸೆಲೆಸ್ಟ್ ಗೇಮ್‌ನ ಏಳನೇ ಅಧ್ಯಾಯ ಮುಗಿಸಿ ಹೊರಗೆ ಬಂದಾಗ ಸ್ಕ್ರೀನ್ ಮೇಲೆ ಪುಟ್ಟ ತಲೆಬುರುಡೆ ಕಾಣಿಸಿತು. ಪಕ್ಕದಲ್ಲಿ 638 ಅಂತ ಇತ್ತು. ಆ ಒಂದು ಅಧ್ಯಾಯದಲ್ಲೇ ನಾನು ಅಷ್ಟು ಸಲ ಸತ್ತಿದ್ದೆ. ಬೇಜಾರಾಗಲಿಲ್ಲ, ತಮ್ಮನನ್ನು ಕರೆದು ಖುಷಿಯಿಂದ ತೋರಿಸಿದೆ. ಅದೇ ವಾರ ಹಾಲೋ ನೈಟ್‌ನಲ್ಲಿ ಬರೀ ಎರಡು ಸಲ ಸತ್ತೆ. ಗೇಮ್ ಮುಚ್ಚಿದವನು ಮೂರು ದಿನ ಅದರ ಕಡೆ ತಿರುಗಿ ನೋಡಲಿಲ್ಲ.

638ಕ್ಕೆ ಬಾರದ ಸಿಟ್ಟು ಎರಡಕ್ಕೆ ಯಾಕೆ ಬಂತು? ಇದನ್ನೇ ಯೋಚಿಸುತ್ತಾ ಕಳೆದ ನಾಲ್ಕು ತಿಂಗಳಲ್ಲಿ ಆಡಿದ ಗೇಮ್‌ಗಳನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದೆ. ಸೆಲೆಸ್ಟ್, ಹಾಲೋ ನೈಟ್, ಹೇಡಿಸ್, ಸ್ಟಾರ್‌ಡ್ಯೂ ವ್ಯಾಲಿ. ಯಾವುದೂ ಹೊಸ ಗೇಮ್ ಅಲ್ಲ. ಇವು ಬಂದಾಗ ನಾನು ತುಂಬ ಚಿಕ್ಕವನು, ಈಗ 16 ವರ್ಷ. ಗ್ರಾಫಿಕ್ಸ್‌ಗೆ ಇಷ್ಟು, ಮ್ಯೂಸಿಕ್‌ಗೆ ಇಷ್ಟು ಅಂತ ಮಾರ್ಕ್ಸ್ ಹಾಕಲು ನೋಡಿದೆ. ನಾಲ್ಕಕ್ಕೂ ಹೆಚ್ಚುಕಮ್ಮಿ ಒಂದೇ ಬಂತು. ನಾಲ್ಕೂ ಕಣ್ಣಿಗೆ ಚೆನ್ನಾಗಿವೆ, ಕಿವಿಗೂ ಚೆನ್ನಾಗಿವೆ. ನಿಜವಾದ ವ್ಯತ್ಯಾಸ ಇರುವುದು ಸೋತ ಮೇಲಿನ ಹತ್ತು ಸೆಕೆಂಡ್‌ನಲ್ಲಿ. ಆಗ ಗೇಮ್ ನಮ್ಮನ್ನು ಹೇಗೆ ನಡೆಸಿಕೊಳ್ಳುತ್ತದೆ ಅನ್ನುವುದರಲ್ಲಿ.

ಸೆಲೆಸ್ಟ್ 2018ರದ್ದು. ಮ್ಯಾಡ್ಲಿನ್ ಅನ್ನುವ ಹುಡುಗಿ ಒಂದು ಬೆಟ್ಟ ಹತ್ತುತ್ತಾಳೆ, ಕಥೆ ಅಷ್ಟೇ. ಅವಳಿಗೆ ಬರುವುದು ಮೂರೇ ಕೆಲಸ. ನೆಗೆಯುವುದು, ಗೋಡೆ ಹಿಡಿದು ಹತ್ತುವುದು, ಗಾಳಿಯಲ್ಲಿ ಒಂದು ಸಲ ಬಾಣದ ಹಾಗೆ ನುಗ್ಗುವುದು. ಈ ನುಗ್ಗುವುದಕ್ಕೆ ಡ್ಯಾಶ್ ಅಂತಾರೆ. ಅವಳ ಕೂದಲು ಕೆಂಪಗಿದ್ದರೆ ಡ್ಯಾಶ್ ಇನ್ನೂ ಉಳಿದಿದೆ ಅಂತ ಅರ್ಥ. ಬಳಸಿದ ತಕ್ಷಣ ಕೂದಲು ನೀಲಿ ಆಗುತ್ತದೆ. ನೆಲಕ್ಕೆ ಕಾಲಿಟ್ಟರೆ ಮತ್ತೆ ಕೆಂಪು. ಸ್ಕ್ರೀನ್ ಮೂಲೆಯಲ್ಲಿ ಯಾವ ಲೆಕ್ಕವೂ ಇಲ್ಲ, ಮೀಟರ್ ಇಲ್ಲ. ಅವಳನ್ನು ನೋಡುತ್ತಿದ್ದರೆ ಸಾಕು, ಎಲ್ಲ ಗೊತ್ತಾಗುತ್ತದೆ.

ಮುಳ್ಳಿಗೆ ತಾಗಿದರೆ ಸಾವು. ಆದರೆ ಒಂದು ಸೆಕೆಂಡ್ ಆಗುವಷ್ಟರಲ್ಲಿ ಅದೇ ಸ್ಕ್ರೀನಿನ ಶುರುವಿನಲ್ಲಿ ಮತ್ತೆ ನಿಂತಿರುತ್ತೀರಿ. ಹಾಡು ಕೂಡ ನಿಲ್ಲುವುದಿಲ್ಲ, ಅದರ ಪಾಡಿಗೆ ಮುಂದುವರಿಯುತ್ತಿರುತ್ತದೆ. ಸಿಟ್ಟು ಮಾಡಿಕೊಳ್ಳಲು ಟೈಮೇ ಸಿಗುವುದಿಲ್ಲ! ಬೆರಳು ಆಗಲೇ ಮುಂದಿನ ಬಟನ್ ಒತ್ತಿರುತ್ತದೆ. ಇನ್ನೊಂದು ವಿಷಯ ನನಗೆ ಆಮೇಲೆ ಗೊತ್ತಾಯಿತು. ಅಂಚಿನಿಂದ ಕಾಲು ಜಾರಿದ ಮೇಲೂ ಕಣ್ಣು ಮಿಟುಕಿಸುವಷ್ಟು ಹೊತ್ತು ನೆಗೆಯಲು ಈ ಗೇಮ್ ಬಿಡುತ್ತದೆ. ನಾವು ಸ್ವಲ್ಪ ತಡ ಮಾಡಿದರೂ ಅದು ನಮ್ಮ ಪರವಾಗಿ ಕಣ್ಣು ಮುಚ್ಚಿಕೊಳ್ಳುತ್ತದೆ. ಇಷ್ಟು ಕಷ್ಟದ ಗೇಮ್ ಒಳಗೊಳಗೇ ಇಷ್ಟು ಮೆದು ಅಂತ ತಿಳಿದಾಗ ಅದರ ಮೇಲೆ ಪ್ರೀತಿ ಜಾಸ್ತಿಯಾಯಿತು.

ಹಾಲೋ ನೈಟ್ ಇದಕ್ಕೆ ಪೂರ್ತಿ ಉಲ್ಟಾ. 2017ರಲ್ಲಿ ಆಸ್ಟ್ರೇಲಿಯಾದ ಟೀಮ್ ಚೆರ್ರಿ ಅನ್ನುವ ಪುಟ್ಟ ತಂಡ ಮಾಡಿದ್ದು. ನೆಲದಡಿಯಲ್ಲಿ ಹುಳುಗಳ ಒಂದು ಹಾಳುಬಿದ್ದ ರಾಜ್ಯ. ಕೈಯಲ್ಲಿ ಮೊಳೆಯಂಥ ಕತ್ತಿ ಹಿಡಿದ, ಬಿಳಿ ಮುಖದ ಪುಟಾಣಿ ನೀವು. ಇಲ್ಲಿ ಸತ್ತರೆ ಕೈಯಲ್ಲಿದ್ದ ಜಿಯೋ, ಅಂದರೆ ಅಲ್ಲಿನ ದುಡ್ಡು, ಎಲ್ಲ ಹೋಗುತ್ತದೆ. ಸತ್ತ ಜಾಗದಲ್ಲಿ ನಿಮ್ಮದೇ ಕಪ್ಪು ನೆರಳು ಅದನ್ನು ಹೊತ್ತು ತೇಲುತ್ತಿರುತ್ತದೆ. ನೀವು ಏಳುವುದು ಕೊನೆಯ ಸಲ ಕೂತಿದ್ದ ಬೆಂಚಿನ ಮೇಲೆ. ಅಲ್ಲಿಂದ ನಡೆದು ಹೋಗಿ ನೆರಳನ್ನು ಸೋಲಿಸಬೇಕು. ದಾರಿಯಲ್ಲಿ ಇನ್ನೊಮ್ಮೆ ಸತ್ತರೆ ಆ ದುಡ್ಡು ಮುಗಿದ ಕಥೆ.

ನನಗೆ ಆಗಿದ್ದು ಅದೇ. ಕತ್ತಲ ಜಾಗಗಳಿಗೆ ಹೋಗಲು ಒಂದು ಲಾಟೀನು ಬೇಕಿತ್ತು, 1,800 ಜಿಯೋ. ಕೂಡಿಟ್ಟು ಕೂಡಿಟ್ಟು 1,500 ದಾಟಿಸಿದ್ದೆ. ಅಣಬೆಗಳ ಕಣಿವೆಯಲ್ಲಿ ಸತ್ತೆ. ನೆರಳಿನ ಹತ್ತಿರ ಬೇಗ ಹೋಗಬೇಕು ಅನ್ನುವ ಆತುರದಲ್ಲಿ ದಾರಿಯಲ್ಲೇ ಮತ್ತೆ ಸತ್ತೆ. ಎರಡು ಸಂಜೆಯ ಕೆಲಸ ನೀರಲ್ಲಿ ಹೋಮ ಮಾಡಿದ ಹಾಗಾಯಿತು. ಆ ಮೂರು ದಿನ ಮುಟ್ಟದೇ ಇದ್ದದ್ದು ಇದಕ್ಕೇ.

ಹಾಗಾದರೆ ಸೆಲೆಸ್ಟ್ ಒಳ್ಳೆಯದು, ಹಾಲೋ ನೈಟ್ ಕೆಟ್ಟದ್ದು ಅಂತ ಹೇಳಿಬಿಡಬಹುದಿತ್ತು. ನಾಲ್ಕನೇ ದಿನ ನಾನು ವಾಪಸ್ ಹೋಗದೇ ಇದ್ದಿದ್ದರೆ ಹಾಗೇ ಹೇಳುತ್ತಿದ್ದೆ.

ವಾಪಸ್ ಹೋದಾಗ ಸಿಕ್ಕಿದ್ದು ಮ್ಯಾಂಟಿಸ್ ಲಾರ್ಡ್ಸ್. ಮ್ಯಾಂಟಿಸ್ ಅನ್ನುವ ಹುಳುಗಳ ಒಡತಿಯರು, ಎತ್ತರದ ಸಿಂಹಾಸನಗಳ ಮೇಲೆ ಕೂತ ಮೂವರು ಅಕ್ಕತಂಗಿಯರು. ಮೊದಲು ಒಬ್ಬಳು ಇಳಿದು ಬರುತ್ತಾಳೆ, ಅವಳು ಸೋತರೆ ಉಳಿದಿಬ್ಬರೂ ಒಟ್ಟಿಗೆ. ನಾನು 14 ಸಲ ಸೋತೆ. ಪ್ರತಿ ಸಲ ಬೆಂಚಿನಿಂದ ನಡೆದು ಬರಬೇಕು. ಮೊದಮೊದಲು ಆ ನಡಿಗೆ ಶಿಕ್ಷೆ ಅನ್ನಿಸುತ್ತಿತ್ತು. ಏಳೆಂಟು ಸಲ ಆದ ಮೇಲೆ ಗಮನಿಸಿದೆ, ನಡೆಯುತ್ತಾ ನಾನು ಯೋಚಿಸುತ್ತಿದ್ದೆ. ಅವಳು ಮೇಲಿನಿಂದ ಬೀಳುವ ಮೊದಲು ಎಷ್ಟು ಹೊತ್ತು ನಿಲ್ಲುತ್ತಾಳೆ, ಗೋಡೆ ಹಿಡಿದು ಅಸ್ತ್ರ ಎಸೆದಾಗ ನಾನು ಎಲ್ಲಿರಬೇಕು ಅಂತ. ಸೆಲೆಸ್ಟ್‌ನಲ್ಲಿ ಕಲಿಯುವುದು ಬೆರಳು, ಇಲ್ಲಿ ಕಲಿಯುವುದು ತಲೆ. ಗೆದ್ದ ಮೇಲೆ ಮೂವರೂ ನನಗೆ ತಲೆಬಾಗಿದರು. ಅಷ್ಟೇ ಅಲ್ಲ. ಅಲ್ಲಿಂದ ಹೊರಗೆ ಬರುವಾಗ, ಬರುವ ದಾರಿಯಲ್ಲಿ ನನ್ನನ್ನು ಸೀಳಿ ಹಾಕುತ್ತಿದ್ದ ಆ ಊರಿನ ಮ್ಯಾಂಟಿಸ್‌ಗಳೆಲ್ಲ ಹೊಡೆಯುವುದನ್ನು ಬಿಟ್ಟು ಬಾಗಿ ನಿಂತಿದ್ದವು. ನಾನು ಕತ್ತಿ ಎತ್ತಲಿಲ್ಲ. ಸುಮ್ನೆ ಅವುಗಳ ನಡುವೆ ನಿಧಾನವಾಗಿ ನಡೆದೆ. ಈ ನಾಲ್ಕು ತಿಂಗಳಲ್ಲಿ ನನಗೆ ಸಿಕ್ಕ ಅತ್ಯಂತ ಒಳ್ಳೆಯ ಎರಡು ನಿಮಿಷ ಅದು. ಕಳೆದುಕೊಳ್ಳುವ ಭಯ ಇರದಿದ್ದರೆ ಆ ಎರಡು ನಿಮಿಷಕ್ಕೆ ಅಷ್ಟು ತೂಕ ಬರುತ್ತಿತ್ತಾ? ಬರುತ್ತಿರಲಿಲ್ಲ ಅಂತಲೇ ನನ್ನ ನಂಬಿಕೆ.

ಆದರೂ ಹಾಲೋ ನೈಟ್‌ನ ಮ್ಯಾಪ್ ವಿಷಯ ನನಗೆ ಇವತ್ತಿಗೂ ಒಪ್ಪಿಗೆ ಇಲ್ಲ. ಹೊಸ ಜಾಗಕ್ಕೆ ಹೋದಾಗ ಮ್ಯಾಪ್ ಇರುವುದಿಲ್ಲ. ಕಾರ್ನಿಫರ್ ಅನ್ನುವ ನಕ್ಷೆಗಾರ ಎಲ್ಲೋ ಮೂಲೆಯಲ್ಲಿ ಗುನುಗುತ್ತಾ ಕೂತಿರುತ್ತಾನೆ. ನೆಲದ ಮೇಲೆ ಬಿದ್ದ ಕಾಗದಗಳನ್ನು, ಆ ಗುನುಗನ್ನು ಹಿಡಿದು ಅವನನ್ನು ಹುಡುಕಬೇಕು. ಇಲ್ಲಿಯವರೆಗೆ ತುಂಬ ಚಂದ. ಆದರೆ ನಾನು ಎಲ್ಲಿದ್ದೇನೆ ಅಂತ ಮ್ಯಾಪ್‌ನಲ್ಲಿ ಕಾಣಬೇಕಾದರೂ ಬೇರೆ ದಿಕ್ಸೂಚಿಯ ತಾಯಿತ ಕೊಂಡು ಹಾಕಿಕೊಳ್ಳಬೇಕು. ಅದು ಇನ್ನೊಂದು ಒಳ್ಳೆಯ ತಾಯಿತದ ಜಾಗ ತಿನ್ನುತ್ತದೆ. ಇದು ಕಷ್ಟ ಅಲ್ಲ, ಬರೀ ಕಿರಿಕಿರಿ.

ಇನ್ನು ಹೇಡಿಸ್. ಸೂಪರ್‌ಜಯಂಟ್ ಅನ್ನುವ ಕಂಪನಿಯದ್ದು, 2020ರಲ್ಲಿ ಪೂರ್ತಿಯಾಗಿ ಬಂತು. ಗ್ರೀಕ್ ಪುರಾಣದ ಪಾತಾಳದ ರಾಜನ ಮಗ ಝ್ಯಾಗ್ರಿಯಸ್ ಮನೆ ಬಿಟ್ಟು ಮೇಲಕ್ಕೆ ಓಡಿಹೋಗಲು ನೋಡುತ್ತಾನೆ. ಸತ್ತರೆ ಮತ್ತೆ ಮನೆಗೇ ಬರುತ್ತಾನೆ, ರಕ್ತದ ಕೊಳದಿಂದ ಎದ್ದು. ಕೊಳದಿಂದ ಬಂದ ತಕ್ಷಣ ನಿದ್ದೆಗಣ್ಣಿನ ಹಿಪ್ನೋಸ್ ಪಟ್ಟಿ ನೋಡಿ, ಈ ಸಲ ನಿನ್ನನ್ನು ಕೊಂದದ್ದು ಇವರಾ ಅಂತ ಮಾತಾಡಿಸುತ್ತಾನೆ. ಮುಂದೆ ಹೋದರೆ ಮೂರು ತಲೆಯ ನಾಯಿ ಸೆರ್ಬೆರಸ್. ಅದನ್ನು ಮುದ್ದು ಮಾಡಬಹುದು. ಮನೆಯವರೆಲ್ಲ ಹೊಸ ಮಾತು ಇಟ್ಟುಕೊಂಡು ಕಾಯುತ್ತಿರುತ್ತಾರೆ. ಮೊದಲ ಬಾಸ್, ಅಂದರೆ ದಾರಿ ತಡೆಯುವ ದೊಡ್ಡ ಶತ್ರು, ಮೆಗೇರಾ ಕೂಡ ಆಮೇಲೆ ಅದೇ ಮನೆಯಲ್ಲಿ ಕೂತಿರುತ್ತಾಳೆ, ಅವಳ ಜೊತೆಗೂ ಮಾತಾಡಬಹುದು. ಸೋಲದೇ ಇದ್ದರೆ ಕಥೆಯೇ ಮುಂದೆ ಹೋಗುವುದಿಲ್ಲ. ಈ ಬುದ್ಧಿವಂತಿಕೆಗೆ ನಿಜಕ್ಕೂ ಬೆರಗಾದೆ. 2021ರಲ್ಲಿ, ವಿಜ್ಞಾನ ಕಥೆ, ಕಲ್ಪನಾ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯವರು ವಿಡಿಯೋ ಗೇಮ್‌ಗೆ ಅಂತ ವಿಶೇಷ ಪ್ರಶಸ್ತಿ ಇಟ್ಟಾಗ ಅದು ಇದಕ್ಕೇ ಬಂದದ್ದರಲ್ಲಿ ಆಶ್ಚರ್ಯ ಇಲ್ಲ.

ಆದರೆ ಹೇಡಿಸ್‌ನಲ್ಲಿ ನಾನು ಯಾಕೆ ಸತ್ತೆ ಅಂತ ಎಷ್ಟೋ ಸಲ ಗೊತ್ತೇ ಆಗಲಿಲ್ಲ. ಗ್ರೀಕ್ ದೇವರುಗಳಾದ ಝ್ಯೂಸ್‌ನ ಮಿಂಚು, ಪೊಸೈಡನ್‌ನ ಅಲೆ, ಶತ್ರುಗಳ ಬೆಂಕಿ ಎಲ್ಲ ಒಟ್ಟಿಗೆ ಸ್ಕ್ರೀನ್ ತುಂಬಿದಾಗ ಝ್ಯಾಗ್ರಿಯಸ್ ಎಲ್ಲಿದ್ದಾನೆ ಅಂತ ಹುಡುಕುವುದೇ ಕೆಲಸ. ಸೆಲೆಸ್ಟ್‌ನ 638 ಸಾವಿನಲ್ಲಿ ಒಂದಕ್ಕೂ ಈ ಗೊಂದಲ ಇರಲಿಲ್ಲ. ತಪ್ಪು ನನ್ನದು, ಎಲ್ಲಿ ಅಂತ ಕಣ್ಣೆದುರೇ ಇತ್ತು. ಹೇಡಿಸ್‌ನಲ್ಲಿ ಅದೃಷ್ಟವೂ ಇದೆ. ದೇವರುಗಳು ಕೊಡುವ ವರ ಪ್ರತಿ ಸಲ ಬೇರೆ. ವರ ಹೊಂದಿದ ದಿನ ನಾನೇ ರಾಜ, ಹೊಂದದ ದಿನ ಅರ್ಧ ದಾರಿಯಲ್ಲೇ ಇವತ್ತು ಆಗಲ್ಲ ಅಂತ ಗೊತ್ತಾಗಿಬಿಡುತ್ತದೆ. 40 ಸಲ ಓಡಿದ ಮೇಲೆ ಕೋಣೆಗಳೂ ಬಾಯಿಪಾಠ ಆದವು. ಮಾತು ಕೇಳುವ ಆಸೆಗೆ ಆಡುತ್ತಿದ್ದೆ, ಹೊಡೆದಾಟದ ಆಸೆಗಲ್ಲ.

ಕಷ್ಟ ಆದವರಿಗೆ ಸಹಾಯ ಮಾಡುವುದರಲ್ಲಿ ಮೂರೂ ಬೇರೆ ಬೇರೆ. ಹೇಡಿಸ್‌ನಲ್ಲಿ ಗಾಡ್ ಮೋಡ್ ಇದೆ. ಹಾಕಿದರೆ ಬೀಳುವ ಪೆಟ್ಟು ಶೇ. 20 ಕಡಿಮೆ. ಆಮೇಲೆ ಸತ್ತಾಗಲೆಲ್ಲ ಇನ್ನೂ 2 ಸೇರುತ್ತಾ ಶೇ. 80ರವರೆಗೆ ಹೋಗುತ್ತದೆ. ಅಂದರೆ 30 ಸಾವಿಗೆ ಆ ಮಿತಿ ಮುಟ್ಟುತ್ತದೆ. ಸೆಲೆಸ್ಟ್‌ನಲ್ಲಿ ಯಾವ ಸಹಾಯ ಬೇಕು ಅಂತ ನಾವೇ ಆರಿಸಬಹುದು. ಆಟದ ವೇಗ ಅರ್ಧಕ್ಕೆ ಇಳಿಸಬಹುದು, ಗೋಡೆ ಹಿಡಿದು ಸುಸ್ತಾಗದ ಹಾಗೆ ಮಾಡಬಹುದು, ಸಾಯದ ಹಾಗೇ ಮಾಡಿಕೊಳ್ಳಬಹುದು. ನನ್ನ ತಮ್ಮನಿಗೆ 10 ವರ್ಷ. ಅವನು ವೇಗ ಶೇ. 70ಕ್ಕೆ ಇಳಿಸಿ ಶುರು ಮಾಡಿದ. ಎರಡನೇ ಅಧ್ಯಾಯದಲ್ಲಿ ಮ್ಯಾಡ್ಲಿನ್‌ನ ಪ್ರತಿಬಿಂಬ ಅವಳನ್ನೇ ಅಟ್ಟಿಸಿಕೊಂಡು ಬರುವ ಭಾಗ ಹಾಗೇ ದಾಟಿದ. ಮುಗಿದ ಮೇಲೆ, "ಅಣ್ಣ, ಈಗ 80 ಮಾಡು" ಅಂದ. ಹಾಲೋ ನೈಟ್‌ನಲ್ಲಿ ಹೀಗೆ ಸುಲಭ ಮಾಡಿಕೊಳ್ಳುವ ಆಯ್ಕೆಯೇ ಇಲ್ಲ. ಅವನಿಗೆ ಆ ಗೇಮ್ ಕೊಟ್ಟು ಹತ್ತು ನಿಮಿಷಕ್ಕೆ ವಾಪಸ್ ತೆಗೆದುಕೊಂಡೆ. ಅವನ ಮುಖ ನೋಡಲಾಗಲಿಲ್ಲ.

ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ಸೋಲೇ ಇಲ್ಲ, ಆರಾಮಾಗಿ ಆಡಬಹುದು ಅಂತ ಎಲ್ಲರೂ ಹೇಳಿದ್ದರು. ಎರಿಕ್ ಬರೋನ್ ಒಬ್ಬರೇ ನಾಲ್ಕು ವರ್ಷಕ್ಕೂ ಜಾಸ್ತಿ ಕೂತು ಚಿತ್ರ, ಸಂಗೀತ, ಕೋಡ್ ಎಲ್ಲ ಮಾಡಿ 2016ರಲ್ಲಿ ಬಿಟ್ಟ ಗೇಮ್ ಇದು. ಆ ಶ್ರಮಕ್ಕೆ ನನ್ನ ದೊಡ್ಡ ನಮಸ್ಕಾರ. ಮಳೆ ಬಂದ ದಿನ ಗಿಡಕ್ಕೆ ನೀರು ಹಾಕಬೇಕಿಲ್ಲ ಅಂತ ಎದ್ದು ನೋಡುವ ಖುಷಿಯೇ ಬೇರೆ. ಆದರೆ ನನಗೆ ಆರಾಮ ಅನ್ನಿಸಲಿಲ್ಲ. ಅಲ್ಲಿನ ಹತ್ತು ನಿಮಿಷ ನಮ್ಮ ಏಳು ಸೆಕೆಂಡ್. ಬೆಳಗ್ಗೆ 6ರಿಂದ ರಾತ್ರಿ 2ರವರೆಗಿನ ಒಂದು ದಿನ ಸುಮಾರು 14 ನಿಮಿಷದಲ್ಲಿ ಮುಗಿದುಹೋಗುತ್ತದೆ. ಯಾವಾಗಲೂ ಗಡಿಯಾರದ ಮೇಲೇ ಕಣ್ಣು. ಒಂದು ಸಲ ಬೇಸಿಗೆಯ 18ನೇ ದಿನ ಮೆಲನ್ ಬಿತ್ತಿದೆ. ಬೆಳೆಯಲು 12 ದಿನ ಬೇಕು, ಅಲ್ಲಿನ ಒಂದು ಕಾಲಕ್ಕೆ ಇರುವುದು 28 ದಿನ. ನಾನು ಲೆಕ್ಕ ಹಾಕಲಿಲ್ಲ. ದಿನಾ ನೀರು ಹಾಕಿದೆ. ಕಾಲ ಬದಲಾದ ಬೆಳಗ್ಗೆ ಬಾಗಿಲು ತೆಗೆದರೆ ಎಲ್ಲ ಒಣಗಿ ನಿಂತಿತ್ತು. ಸೋತಿದ್ದು ಹನ್ನೊಂದು ದಿನ ಮೊದಲೇ, ಗೊತ್ತಾಗಿದ್ದು ಈಗ. ಉಳಿದ ಮೂರು ಗೇಮ್‌ಗಳು ಸೋಲನ್ನು ಮುಖಕ್ಕೆ ಹೇಳುತ್ತವೆ. ಇದು ನಗುತ್ತಾ ಮುಚ್ಚಿಟ್ಟು ಆಮೇಲೆ ತೋರಿಸುತ್ತದೆ. ನನಗೆ ಮುಖಕ್ಕೆ ಹೇಳುವವರೇ ವಾಸಿ.

"ಸಾಕು, ಆರಿಸಿ ಮಲಗು" ಅಂತ ಅಮ್ಮ ಕರೆದಾಗ ಏನಾಗುತ್ತದೆ ಅನ್ನುವುದೂ ನನ್ನ ವಯಸ್ಸಿನವರಿಗೆ ದೊಡ್ಡ ವಿಷಯ. ಸೆಲೆಸ್ಟ್ ಆದರೆ ಅದೇ ಕೋಣೆಯಲ್ಲಿ ನಿಲ್ಲಿಸಿ ಹೋಗಬಹುದು. ಹೇಡಿಸ್ ಆ ಕೋಣೆಯ ಶುರುವಿನಿಂದ ಮತ್ತೆ ಕೊಡುತ್ತದೆ. ಹಾಲೋ ನೈಟ್‌ನಲ್ಲಿ ಸಿಕ್ಕಿದ್ದು ಉಳಿಯುತ್ತದೆ, ಆದರೆ ಮತ್ತೆ ಬೆಂಚಿನಿಂದ ನಡೆಯಬೇಕು. ಸ್ಟಾರ್‌ಡ್ಯೂ ಕಂಪ್ಯೂಟರ್‌ನಲ್ಲಿ ಸೇವ್ ಆಗುವುದು ಆಟದೊಳಗೆ ಮಲಗಿದಾಗ ಮಾತ್ರ. ನಡುವೆ ಬಿಟ್ಟರೆ ಆ ದಿನದ ಕೆಲಸ ಎಲ್ಲ ಹೋಯಿತು. ಮಲಗಿಸಿದರೆ ಹೊಸ ಬೆಳಗ್ಗೆ ಬರುತ್ತದೆ, ಇನ್ನೊಂದೇ ದಿನ ಅನ್ನಿಸುತ್ತದೆ. ಪರೀಕ್ಷೆ ಹತ್ತಿರ ಇದ್ದಾಗ ಇದನ್ನು ಶುರು ಮಾಡಬೇಡಿ.

ನಡುವೆ ಫೋನಿನಲ್ಲಿ ಒಂದು ಫ್ರೀ ಗೇಮ್ ಕೂಡ ಆಡಿದೆ, ಹೆಸರು ಬೇಡ. ಐದು ಸಲ ಸೋತರೆ ಜಾಹೀರಾತು ನೋಡಬೇಕು, ಇಲ್ಲ ಕಾಯಬೇಕು. ಅಲ್ಲಿ ನಾನು ಸೋತಷ್ಟೂ ಅವರಿಗೆ ಲಾಭ. ಎರಡೇ ದಿನಕ್ಕೆ ತೆಗೆದುಹಾಕಿದೆ.

ಒಂದನ್ನೇ ಆರಿಸು ಅಂದರೆ ಸೆಲೆಸ್ಟ್. ಬೆರಳು ನೋಯುತ್ತದೆ, ಎದುರುಗಾಳಿ ಬೀಸುವ ನಾಲ್ಕನೇ ಅಧ್ಯಾಯ ಎಳೆದ ಹಾಗಿದೆ, ಆದರೂ ಅದೇ. ಆ ಅಧ್ಯಾಯದ ಕೊನೆಗೆ ಮೇಲೆ ಹೋಗುವ ರೋಪ್‌ವೇ ತೊಟ್ಟಿಲು ನಡುದಾರಿಯಲ್ಲಿ ನಿಂತುಬಿಡುತ್ತದೆ. ಮ್ಯಾಡ್ಲಿನ್‌ಗೆ ಉಸಿರು ಸಿಕ್ಕಿಕೊಳ್ಳುತ್ತದೆ. ಜೊತೆಗಿರುವ ಥಿಯೋ, ಒಂದು ಗರಿ ಕಣ್ಣೆದುರು ತೇಲುತ್ತಿದೆ ಅಂದುಕೋ, ನಿನ್ನ ಉಸಿರಿನಿಂದ ಅದನ್ನು ಮೇಲೆ ಕೆಳಗೆ ಮಾಡು ಅನ್ನುತ್ತಾನೆ. ನಾವು ಬಟನ್ ಒತ್ತಿ ಬಿಟ್ಟು ಆ ಗರಿಯನ್ನು ತೇಲಿಸಬೇಕು. ಗಣಿತ ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬರದೆ ಹೊರಳಾಡುವಾಗ ನಾನು ಕಣ್ಣು ಮುಚ್ಚಿ ಅದನ್ನೇ ಮಾಡಿದೆ. ನಿದ್ದೆ ಬಂತು.

ಆದರೆ ಈಗ ನಾನು ಆಡುತ್ತಿರುವುದು ಹಾಲೋ ನೈಟ್. ಮ್ಯಾಂಟಿಸ್ ಲಾರ್ಡ್ಸ್ ಕಾಯುತ್ತಿದ್ದ ಬಾಗಿಲಿನ ಆಚೆ ಡೀಪ್‌ನೆಸ್ಟ್ ಅನ್ನುವ ಕತ್ತಲೆಯ ಜಾಗ ಇದೆ, ಗೋಡೆಯೊಳಗೆಲ್ಲ ಏನೋ ಹರಿದಾಡುವ ಸದ್ದು. ನಿನ್ನೆ ಅಲ್ಲಿ ಸತ್ತೆ. ನನ್ನ ನೆರಳು 1,340 ಜಿಯೋ ಹಿಡಿದು ಅಲ್ಲೇ ತೇಲುತ್ತಿದೆ. ಶನಿವಾರ ಹೋಗುತ್ತೇನೆ, ಆತುರ ಮಾಡದೆ.