ಮದುವೆ ಊಟ: ಅಡುಗೆ ಭಟ್ಟರೋ, ಎಲೆ ಲೆಕ್ಕದ ಗುತ್ತಿಗೆಯೋ, ಬಫೆಯೋ?

ಶಿರಸಿ, ಸಿದ್ದಾಪುರ, ಕುಮಟಾ ಕಡೆ ಮದುವೆ ಊಟಕ್ಕೆ ಈಗ ಮೂರು ದಾರಿ. ಸಾಮಾನು ನಾವೇ ತಂದುಕೊಟ್ಟು ಅಡುಗೆ ಭಟ್ಟರಿಗೆ ಮಜೂರಿ ಕೊಡುವುದು ಒಂದು. ಎಲೆಗೆ ಇಷ್ಟು ಎಂದು ಪೂರ್ತಿ ಗುತ್ತಿಗೆ ವಹಿಸುವುದು ಇನ್ನೊಂದು. ಪೇಟೆಯ ಕೇಟರಿಂಗ್‌ನವರಿಂದ ಬಫೆ ಇಡಿಸುವುದು ಮೂರನೆಯದು. ಮನೆತನದ ಬೇರೆ ಬೇರೆ ಕಾರ್ಯಗಳಲ್ಲಿ ಮೂರನ್ನೂ ಮಾಡಿಸಿ ನೋಡಿದ್ದೇವೆ. ಮೊದಲ ಪಂಕ್ತಿಯಲ್ಲಿ ಉಂಡವರಿಗೆ ಮೂರೂ ಚೆನ್ನಾಗಿಯೇ ಇರುತ್ತವೆ. ವ್ಯತ್ಯಾಸ ತಿಳಿಯುವುದು ಕೊನೆಯ ಪಂಕ್ತಿಯಲ್ಲಿ, ಮಧ್ಯಾಹ್ನ ಎರಡೂವರೆಯ ಹೊತ್ತಿಗೆ. ಇಲ್ಲಿ ತೂಗಿ ನೋಡಿದ್ದು ಆ ಹೊತ್ತಿನ ಊಟವನ್ನೇ.

ರುಚಿಯ ಮಟ್ಟಿಗೆ ಅಡುಗೆ ಭಟ್ಟರಿಗೆ ಸಾಟಿಯಿಲ್ಲ. ಮಾವಿನ ಮಿಡಿಯ ಅಪ್ಪೆಹುಳಿ, ಕಾಯಿ ಅರೆದು ಮೊಸರು ಬೆರೆಸುವ ಸಾಸಿವೆ, ತಂಬುಳಿ ಕೊಪ್ಪರಿಗೆಗಟ್ಟಲೆ ಮಾಡಿದರೂ ಮನೆಯ ರುಚಿ ಹೋಗುವುದಿಲ್ಲ. ಕಾರಣ ಸರಳ: ಒಲೆ ಅಂಗಳದ ಹಿಂದೆಯೇ ಇರುತ್ತದೆ, ಎರಡನೇ ಪಂಕ್ತಿ ಕೂತ ಮೇಲೆ ಮೂರನೆಯದಕ್ಕೆ ಕಾಯಿ ರುಬ್ಬುತ್ತಾರೆ. ಆದರೆ ಸಾಮಾನಿನ ಯಾದಿಯನ್ನು ಭಟ್ಟರು ಕೈ ಬಿಚ್ಚಿಯೇ ಬರೆಯುತ್ತಾರೆ. ಕಡಿಮೆ ಬಿದ್ದರೆ ಹೆಸರು ಹೋಗುವುದು ಅವರದೇ, ಅದಕ್ಕಾಗಿ. 300 ಎಲೆಯ ಊಟಕ್ಕೆ ನಮ್ಮ ಅನುಭವದ ಲೆಕ್ಕ ಹೀಗೆ: ಚಿತ್ರಾನ್ನವೂ ಸೇರಿ ಅಕ್ಕಿ 33ರಿಂದ 35 ಕೆ.ಜಿ., ತೊಗರಿಬೇಳೆ 8ರಿಂದ 9 ಕೆ.ಜಿ., ತೆಂಗಿನಕಾಯಿ 80ರಿಂದ 90, ಮೊಸರು 25ರಿಂದ 30 ಲೀಟರ್, ಬಡಿಸುವ ತುಪ್ಪ 3 ಕೆ.ಜಿ. ಹೋಳಿಗೆ ತಲಾ ಎರಡಾದರೆ 600 ಬೇಕು. ಒಂದು ಕೆ.ಜಿ. ಕಡಲೆಬೇಳೆ, ಒಂದು ಕೆ.ಜಿ. ಬೆಲ್ಲದ ಹೂರಣಕ್ಕೆ 40ರ ಆಸುಪಾಸು ಹೋಳಿಗೆ ಆಗುವುದರಿಂದ ಬೇಳೆ, ಬೆಲ್ಲ 15 ಕೆ.ಜಿ. ಸಾಕು. ಯಾದಿ ಇದಕ್ಕಿಂತ ಬಹಳ ಮೇಲಿದ್ದರೆ ಕೂತು ಮಾತಾಡಿ. ಕಿರಾಣಿ ಸಾಮಾನು ಒಂದೇ ಕಡೆ ತನ್ನಿ, ಒಡೆಯದ ಚೀಲ ವಾಪಸು ತೆಗೆದುಕೊಳ್ಳುವ ಮಾತನ್ನು ಮೊದಲೇ ಆಡಿಕೊಳ್ಳಿ.

ಈ ದಾರಿ ಕೈಕೊಡುವುದು ಅಡುಗೆಯಲ್ಲಲ್ಲ, ಬಡಿಸುವಲ್ಲಿ. ಹಿಂದೆ ಊರಿನ ಹುಡುಗರು ಪಂಚೆ ಎತ್ತಿಕಟ್ಟಿ ಸುಧಾರಿಸುತ್ತಿದ್ದರು. ಈಗ ಆ ಹುಡುಗರೆಲ್ಲ ಬೆಂಗಳೂರಿನಲ್ಲಿದ್ದಾರೆ, ಮುಹೂರ್ತಕ್ಕೆ ಬಂದು ಮೊದಲ ಪಂಕ್ತಿಗೇ ಕೂರುತ್ತಾರೆ. ನೂರು ಎಲೆಯ ಪಂಕ್ತಿಗೆ ಹತ್ತು ಹನ್ನೆರಡು ಕೈ ಬೇಕೇ ಬೇಕು. ಆರೇ ಜನ ಇದ್ದರೆ ಏನಾಗುತ್ತದೆಂದು ಮೂರನೇ ಸಾಲಿನ ಎಲೆ ನೋಡಿದರೆ ಗೊತ್ತಾಗುತ್ತದೆ: ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಬಿದ್ದು ಕಾಲು ಗಂಟೆಯಾದರೂ ಅನ್ನ ಬಂದಿರುವುದಿಲ್ಲ. ಕೋಸಂಬರಿ ನೀರು ಬಿಟ್ಟು ಚಿತ್ರಾನ್ನದ ಬುಡಕ್ಕೆ ಹರಿದಿರುತ್ತದೆ. ತೊವ್ವೆ ಬರುವಷ್ಟರಲ್ಲಿ ಹಾಕಿದ ಅನ್ನ ಆರಿರುತ್ತದೆ. ಹಾಗಾಗಿ ಭಟ್ಟರನ್ನು ಗೊತ್ತು ಮಾಡುವಾಗಲೇ ಬಡಿಸುವ ತಂಡವನ್ನೂ ಬೇರೆಯಾಗಿ ಗೊತ್ತು ಮಾಡಿ. ಕೋಸಂಬರಿಗೆ ಉಪ್ಪು ಹಾಕುವುದು ಎಲೆ ಹಾಸಿದ ಮೇಲೆ ಎಂದು ಹೇಳಿಡಿ. ಗ್ಯಾಸಾದರೆ 19 ಕೆ.ಜಿ.ಯ ದೊಡ್ಡ ಸಿಲಿಂಡರು ಉರಿಯುವುದಲ್ಲದೆ ಒಂದು ಮೀಸಲಿರಲಿ. ಹೋಳಿಗೆ ಬೇಯಿಸುವ ದಿನ ಗ್ಯಾಸು ಎಣಿಸಿದ್ದಕ್ಕಿಂತ ಬೇಗ ಮುಗಿಯುತ್ತದೆ.

ಎಲೆ ಲೆಕ್ಕದ ಗುತ್ತಿಗೆಯಲ್ಲಿ ಈ ತಲೆಬಿಸಿ ಇಲ್ಲ. ಸಾಮಾನು, ಪಾತ್ರೆ, ಬಡಿಸುವವರು, ಎಲೆ ತೆಗೆಯುವವರು ಎಲ್ಲ ಅವರದೇ. ಬಡಿಸುವ ಶಿಸ್ತಿನಲ್ಲಿ ಮೂರರಲ್ಲೂ ಇದೇ ಮೇಲು. ಎರಡನೇ ವಿಚಾರಣೆಗೆ (ಮತ್ತೆ ಬೇಕೇ ಎಂದು ಕೇಳಿ ಬಡಿಸುವ ಸುತ್ತಿಗೆ) ಹುಳಿ, ಸಿಹಿ, ತಂಬುಳಿ ಸಾಲಾಗಿ ಬರುತ್ತವೆ, ಪಂಕ್ತಿ 40 ನಿಮಿಷದಲ್ಲಿ ಏಳುತ್ತದೆ. ನೂರರಂತೆ ನಾಲ್ಕು ಪಂಕ್ತಿಯನ್ನು, ನಡುವೆ ಒರೆಸಿ ಎಲೆ ಹಾಸುವ ಹತ್ತು ನಿಮಿಷವನ್ನೂ ಸೇರಿಸಿದರೂ, ಮೂರೂಕಾಲು ಗಂಟೆಯಲ್ಲಿ ಮುಗಿಸುತ್ತಾರೆ.

ಆದರೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ, ಹೆಚ್ಚಿನವರು ಅದನ್ನೇ ಕೇಳುವುದಿಲ್ಲ: ಒಲೆ ಎಲ್ಲಿ ಹೂಡುತ್ತೀರಿ? ಮದುವೆ ಕುಮಟಾದ ಮಂಟಪದಲ್ಲಿ, ಅಡುಗೆ ಶಿರಸಿಯ ಅವರ ಮನೆಯಲ್ಲಿ ಎಂದಾದರೆ ದೇವಿಮನೆ ಘಾಟು ಇಳಿಯಬೇಕು. ಸುಮಾರು 60 ಕಿ.ಮೀ. ದಾರಿ, ತುಂಬಿದ ಪಾತ್ರೆಯ ಗಾಡಿಗೆ ಎರಡು ಗಂಟೆ ಹಿಡಿಯುತ್ತದೆ. ಹನ್ನೆರಡೂವರೆಯ ಊಟಕ್ಕೆ ಬೆಳಗಿನ ಎಂಟಕ್ಕೇ ಅಡುಗೆ ಮುಗಿದು ಮುಚ್ಚಳ ಬಿದ್ದಿರುತ್ತದೆ. ಸಾರು, ಹುಳಿಯನ್ನು ಮಂಟಪದಲ್ಲಿ ಮತ್ತೆ ಕುದಿಸಬಹುದು. ಸಾಸಿವೆ, ಹಸಿ (ಮೊಸರಿನ ಪಚಡಿ), ತಂಬುಳಿಗೆ ಆ ದಾರಿಯಿಲ್ಲ. ಹಸಿ ಕಾಯಿ ಅರೆದು ಮೊಸರು ಬೆರೆಸಿದ ಸಾಸಿವೆ ಏಪ್ರಿಲ್ ಮೇ ತಿಂಗಳ ಕರಾವಳಿ ಸೆಕೆಯಲ್ಲಿ ಮೂರು ನಾಲ್ಕು ಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ. ಮುಚ್ಚಳ ತೆಗೆದು ಪಾತ್ರೆಯ ಅಂಚು ನೋಡಿ. ಸಣ್ಣ ಗುಳ್ಳೆ ಸಾಲುಗಟ್ಟಿ, ಸೌಟು ಆಡಿಸಿದಾಗ ಹುಳಿ ವಾಸನೆ ಮೇಲೆದ್ದರೆ ಅದು ಹಳಸಿದೆ, ಬಡಿಸುವಂತಿಲ್ಲ. ಕಾಯಿಯನ್ನು ಮಂಟಪದಲ್ಲೇ ರುಬ್ಬಬೇಕು, ಮೊಸರನ್ನು ಪ್ರತಿ ಪಂಕ್ತಿಗೆ ಆ ಹೊತ್ತಿಗೇ ಬೆರೆಸಬೇಕು ಎಂದು ಮಾತಾಡಿಕೊಳ್ಳಿ. ಒಪ್ಪದಿದ್ದರೆ ಆ ಪದಾರ್ಥಗಳನ್ನೇ ಬಿಡಿಸಿ ಅಪ್ಪೆಹುಳಿ ಹಾಕಿಸಿ. ಅದರಲ್ಲಿ ಕಾಯಿಯೂ ಇಲ್ಲ, ಮೊಸರೂ ಇಲ್ಲ, ಮಿಡಿಯ ಹುಳಿಯೇ ಕಾಯುತ್ತದೆ.

ಜಗಳ ಬರುವುದು ಎಣಿಕೆಯಲ್ಲಿ. 400 ಎಲೆ ಎಂದು ಹೇಳಿ 350 ಜನ ಬಂದರೂ 400ಕ್ಕೇ ಹಣ, ಇದು ಎಲ್ಲ ಕಡೆಯ ರೂಢಿ, ನ್ಯಾಯವೂ ಹೌದು. ಅದಕ್ಕೇ ಆಮಂತ್ರಣದ ಲೆಕ್ಕಕ್ಕಿಂತ ತುಸು ಕಡಿಮೆ ಹೇಳಿ, ನೂರಕ್ಕೆ ಹತ್ತರಷ್ಟು ಹೆಚ್ಚಾದರೂ ಪೂರೈಸುವ ಮಾತು ತೆಗೆದುಕೊಳ್ಳುವುದು ಒಳ್ಳೆಯದು. ಬೆಳಿಗ್ಗೆ ಎಲೆಯ ಕಟ್ಟು ಬಿಚ್ಚುವ ಮುಂಚೆ ನಮ್ಮ ಕಡೆಯ ಒಬ್ಬರು ಎಣಿಸಬೇಕು. ಹರಿದದ್ದು ಬೇರೆ, ಉಳಿದದ್ದು ಬೇರೆ ಇಡಿಸಿ, ಕೊನೆಗೆ ಕಳೆದರೆ ಲೆಕ್ಕ ತಾನಾಗಿ ಬರುತ್ತದೆ. ವಾದ್ಯದವರು, ಬಸ್ಸಿನ ಡ್ರೈವರುಗಳು, ಬಡಿಸುವವರ ಸ್ವಂತ ಊಟ ಲೆಕ್ಕಕ್ಕೆ ಸೇರುತ್ತದೆಯೇ ಎಂಬುದನ್ನು ಮೊದಲೇ ಬರೆಸಿಕೊಳ್ಳಿ. ಬೆಳಗಿನ ಆಸರಿ (ಪಾನೀಯ) ತಿಂಡಿ, ಹಿಂದಿನ ದಿನದ ನಾಂದಿಯ ಊಟ, ಸಂಜೆಯ ಕಷಾಯ ಆ ದರದೊಳಗೆ ಬರುತ್ತವೆಯೇ, ಶೇ. 5ರ ಜಿಎಸ್‌ಟಿ ದರದಲ್ಲೇ ಇದೆಯೇ, ಇವನ್ನೂ.

ಬಫೆಗೆ ಇರುವ ಒಂದೇ ಬಲ ವೇಗ. ಎರಡು ಮೇಜು ಇಟ್ಟು ಎರಡೂ ಬದಿಯಿಂದ ಬಿಟ್ಟರೆ 400 ಜನಕ್ಕೆ ಅರ್ಧ ಗಂಟೆಯಲ್ಲಿ ತಟ್ಟೆ ತುಂಬುತ್ತದೆ. ಸಂಜೆಯ ಆರತಕ್ಷತೆಗೆ, ಬೇಗ ಹೊರಡುವ ಜನಕ್ಕೆ ಅದು ಸರಿ. ಮದುವೆಯ ಮಧ್ಯಾಹ್ನದ ಊಟಕ್ಕೆ ಇಡಿಸಬೇಡಿ ಎಂದೇ ನಮ್ಮ ಅಭಿಪ್ರಾಯ. ಅಜ್ಜ ಅಜ್ಜಿಯರು ಭಾರದ ತಟ್ಟೆ ಹಿಡಿದು ಕುರ್ಚಿ ಹುಡುಕುತ್ತಾರೆ. ತಂಬುಳಿ, ಅಪ್ಪೆಹುಳಿ ತಟ್ಟೆಯಲ್ಲಿ ನಿಲ್ಲದ್ದರಿಂದ ಯಾರೂ ಹಾಕಿಸಿಕೊಳ್ಳುವುದಿಲ್ಲ, ಮಾಡಿದ್ದು ಮಾಡಿದಂತೆ ಉಳಿಯುತ್ತದೆ. ಅತ್ತ ಸಿಹಿ, ಕರಿದ ತಿಂಡಿ ಎಣಿಸಿದ್ದರ ಒಂದೂವರೆ ಪಟ್ಟು ಹೋಗಿ, ಕೊನೆಗೆ ಬಂದವರಿಗೆ ಅನ್ನ ಸಾರು ಮಾತ್ರ ಸಿಗುತ್ತದೆ. ಕೆಳಗೆ ಸಣ್ಣ ಉರಿ ಇಟ್ಟ ಪಾತ್ರೆಯಲ್ಲಿ ಅನ್ನದ ತಳ ಗಟ್ಟಿಯಾಗುತ್ತದೆ, ಮೇಲಿನದು ತಣ್ಣಗಾಗುತ್ತದೆ. ತಟ್ಟೆಯ ಲೆಕ್ಕದಲ್ಲಿ ಹಣವಾದರೆ, ಒಬ್ಬರೇ ಎರಡನೇ ಸಲ ಹೊಸ ತಟ್ಟೆ ತೆಗೆದರೂ ಎರಡು ಊಟವೆಂದೇ ಬೀಳುತ್ತದೆ.

ಕಾರವಾರ, ಅಂಕೋಲಾ ಕಡೆ ಮದುವೆಯ ಮರುದಿನ ಮೀನೂಟ ಇದ್ದರೆ ಅದನ್ನು ಪ್ರತ್ಯೇಕ ಅಡುಗೆಯವರಿಗೆ ಕೊಡಿ. ತಲೆಗೆ ಇಷ್ಟು ಎನ್ನುವ ದರಕ್ಕಿಂತ ಇಸ್ವಣ ಮೀನಿನ ತುಂಡು ಎಷ್ಟು ಗ್ರಾಮಿನದು, ತಲಾ ಎಷ್ಟು ತುಂಡು ಎಂದು ಗೊತ್ತು ಮಾಡಿಕೊಳ್ಳುವುದು ಮೇಲು.

ನಮ್ಮ ಆಯ್ಕೆ ಹೇಳುವುದಾದರೆ, ಮನೆಯಂಗಳದ ಸೋಗೆ ಚಪ್ಪರದಲ್ಲಿ 250 ಎಲೆಯವರೆಗೆ ಅಡುಗೆ ಭಟ್ಟರು, ಜೊತೆಗೆ ಗೊತ್ತು ಮಾಡಿದ ಬಡಿಸುವ ತಂಡ. ಮಂಟಪದಲ್ಲಿ ಅದಕ್ಕೆ ಮೇಲ್ಪಟ್ಟರೆ ಗುತ್ತಿಗೆ, ಒಲೆ ಮಂಟಪದಲ್ಲೇ ಹೂಡುವ ಷರತ್ತಿನ ಮೇಲೆ. ಮುಂಗಡ ಕೊಡುವ ಮುಂಚೆ ಅವರು ಬೇರೆಲ್ಲಾದರೂ ಮಾಡುತ್ತಿರುವ ಮದುವೆಗೆ ಎರಡು ಗಂಟೆಯ ಮೇಲೆ ಹೋಗಿ. ಕೊನೆಯ ಪಂಕ್ತಿಗೆ ತುಪ್ಪ ಬಂತೇ, ಅನ್ನದಿಂದ ಹಬೆ ಏಳುತ್ತಿದೆಯೇ, ಎರಡನೇ ವಿಚಾರಣೆಗೆ ಹೋಳಿಗೆಯ ಹರಿವಾಣ ಹೊರಟಿತೇ ನೋಡಿ, ಆಮೇಲೆ ದರ ಮಾತಾಡಿ.