ಹಳೇ ವಾಕಿಂಗ್ ಫೂಟ್ ಮೆಷಿನ್ ಕೊಳ್ಳುವವರೇ, ಬಾಬಿನ್ ಎಲ್ಲಿ ಕೂರುತ್ತೆ ಅಂತ ಮೊದಲು ನೋಡಿ

ಚಿಕ್ಕಮಗಳೂರು, ಹಾಸನದ ಕಡೆ ಜೀಪ್ ಹುಡ್, ಸೀಟ್ ಕವರ್, ಕಾಫಿ ಕಣದ ಟಾರ್ಪಾಲ್ ಹೊಲಿಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ವಾಕಿಂಗ್ ಫೂಟ್ ಅಂದರೆ, ಬಟ್ಟೆ ಒತ್ತಿ ಹಿಡಿಯುವ ಫೂಟ್ ಕೂಡ ಬಟ್ಟೆಯ ಜೊತೆ ಸರಿಯುವ ಹೊಲಿಗೆ ಮೆಷಿನ್. "ಒರಿಜಿನಲ್ ಸಿಂಗರ್ 111, ವಾಕಿಂಗ್ ಫೂಟ್, ಮುಚ್ಚಿದ ಫ್ಯಾಕ್ಟರಿ ಮಾಲು" ಅಂತ ಹೇಳಿ ಯಾರಾದರೂ ಕಪ್ಪಗೆ ಹೊಳೆಯುವ ಹೆಡ್ (ಟೇಬಲ್ ಮೇಲೆ ಕೂರುವ ಮೆಷಿನ್ ಭಾಗ) ತೋರಿಸಿದರೆ ದುಡ್ಡು ಬಿಚ್ಚುವ ಮೊದಲು ಇದನ್ನು ಓದಿ. ನನಗೆ ಇದೇ ಮಾತು ಹೇಳಿ 31 ಮಾದರಿಯ ಸಾದಾ ಟೈಲರಿಂಗ್ ಮೆಷಿನ್ ಕಟ್ಟಿದರು. 32,000 ರೂಪಾಯಿ ಹೋಯಿತು. ಬೇಲೂರು ದಾರಿಯಲ್ಲಿ ಅದನ್ನು ಹೊತ್ತು ತಂದ ಗೂಡ್ಸ್ ಆಟೋ ಬಾಡಿಗೆ ಬೇರೆ.

ಮಾರಿದವರು ಹಾಸನದ ಹತ್ತಿರ ಒಂದು ಶೆಡ್ಡಿನಲ್ಲಿ ಹತ್ತಾರು ಮೆಷಿನ್ ಇಟ್ಟಿದ್ದರು. ಹೆಡ್ಡಿಗೆ ಹೊಸ ಪೇಂಟು, ಹೊಸ ಚಿನ್ನದ ಬಣ್ಣದ ಸ್ಟಿಕರ್, ಕಂಬದ ಮೇಲೆ 111ಡಬ್ಲ್ಯೂ ಅಂತ ಬರೆದ ಪುಟ್ಟ ಹಿತ್ತಾಳೆ ಪ್ಲೇಟು. ಎರಡು ಮಡಿಕೆ ಕಾಟನ್ ಬಟ್ಟೆ ಇಟ್ಟು ಓಡಿಸಿ ತೋರಿಸಿದರು. ಹೊಲಿಗೆ ಸೊಗಸಾಗಿ ಬಂತು. ನಾನು ಒಯ್ದಿದ್ದ ರೆಕ್ಸಿನ್ ಕೊಟ್ಟಾಗ ಮಾತ್ರ, "ಈಗ ಹಾಕಿರೋದು ಸಣ್ಣ ಸೂಜಿ ಅಣ್ಣ, ಮುರಿಯುತ್ತೆ. ಮನೇಲಿ ದಪ್ಪ ಸೂಜಿ ಹಾಕ್ಕೊಳ್ಳಿ, ಬೆಣ್ಣೆ ತರ ಹೋಗುತ್ತೆ" ಅಂದರು. ಮಾರುವವರು ನಿಮ್ಮ ಬಟ್ಟೆಯನ್ನು ಮೆಷಿನ್ ಮೇಲೆ ಇಡಲು ಬಿಡದಿದ್ದರೆ ಅಲ್ಲಿಂದಲೇ ಎದ್ದು ಬನ್ನಿ. ಯಾವ ಕಾರಣ ಹೇಳಿದರೂ ಸರಿ.

ಅಂಗಡಿಗೆ ತಂದು ಇಳಿಸಿದ ಮೇಲೆ ಮೊದಲು ಗೊತ್ತಾಗಿದ್ದು ಮೋಟಾರಿನ ವಿಷಯ. ಅದರ ಪ್ಲೇಟಿನ ಮೇಲೆ 415 ವೋಲ್ಟ್, 3 ಫೇಸ್ ಅಂತ ಇತ್ತು. ನಮ್ಮಂಥ ಸಣ್ಣ ಅಂಗಡಿಗಳಿಗೆ ಬರುವುದು 230 ವೋಲ್ಟಿನ ಸಿಂಗಲ್ ಫೇಸ್. ಫ್ಯಾಕ್ಟರಿಯಿಂದ ಬಂದ ಮೆಷಿನ್‌ಗಳಲ್ಲಿ ಇದು ಸಾಮಾನ್ಯ. ಅವರ ಶೆಡ್ಡಿಗೆ ತ್ರೀ ಫೇಸ್ ಲೈನ್ ಇತ್ತು, ಅಲ್ಲಿ ಓಡಿತು. ಈ ಬಗ್ಗೆ ಅವರು ಒಂದು ಮಾತೂ ಆಡಿರಲಿಲ್ಲ. ಕೊನೆಗೆ ಸರ್ವೋ ಮೋಟಾರ್ ಹಾಕಿಸಿದೆ. ಹಳೇ ಕ್ಲಚ್ ಮೋಟಾರ್ ನೀವು ಹೊಲಿಯದೇ ಕೂತಿದ್ದಾಗಲೂ ತಿರುಗುತ್ತಲೇ ಇರುತ್ತೆ. ಸರ್ವೋ ಪೆಡಲ್ ಒತ್ತಿದಾಗ ಮಾತ್ರ ಓಡುತ್ತೆ, ನಿಧಾನಕ್ಕೂ ಓಡಿಸಬಹುದು. ರೆಕ್ಸಿನ್ ಕೆಲಸಕ್ಕೆ ಅದೇ ವಾಸಿ, ಆದರೆ ಆ ಖರ್ಚು ಮೊದಲೇ ಲೆಕ್ಕದಲ್ಲಿರಬೇಕಿತ್ತು ಅಲ್ವಾ?

ಆಮೇಲೆ ರೆಕ್ಸಿನ್ ಹಾಕಿದೆ. ಎರಡು ಪದರ ಸರಿಸಮ ಕತ್ತರಿಸಿ ಹೊಲಿದರೆ, ಕೊನೆಗೆ ಮೇಲಿನ ಪದರ ಉದ್ದ ಉಳಿಯಿತು. ಹೊಲಿಗೆಯುದ್ದಕ್ಕೂ ಸುಕ್ಕು. ನಡುನಡುವೆ ಹೊಲಿಗೆ ತಪ್ಪುತ್ತಿತ್ತು. ಜೂನ್ ಮಳೆಯಲ್ಲಿ ಮುಳ್ಳಯ್ಯನಗಿರಿ ಹತ್ತುವ ಜೀಪಿಗೆ ಅಂಥ ಹುಡ್ ಹಾಕಿ ಕಳಿಸಿದರೆ ಒಳಗೆ ಕೂತವರು ನೆನೆಯುತ್ತಾರೆ.

ನಮ್ಮ ಊರಿನ ಹಳೇ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆ. ಅವರು ಸ್ವಿಚ್ ಹಾಕಲೇ ಇಲ್ಲ. ಫೂಟ್ ಇಳಿಸಿ, ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಿ ನೋಡಿದರು. "ಇದು ವಾಕಿಂಗ್ ಫೂಟೇ ಅಲ್ಲ" ಅಂದರು.

ಅವರು ತೋರಿಸಿದ್ದನ್ನು ಹಾಗೇ ಹೇಳುತ್ತೇನೆ. 111ಡಬ್ಲ್ಯೂ155 ಥರದ ನಿಜವಾದ ವಾಕಿಂಗ್ ಫೂಟ್ ಮೆಷಿನ್‌ನಲ್ಲಿ ಸೂಜಿ ಬಟ್ಟೆಯೊಳಗೆ ಇಳಿದ ಮೇಲೆ ಹಿಂದಕ್ಕೆ ಸರಿಯುತ್ತೆ. ಒಳಗಿನ ಫೂಟ್, ಕೆಳಗಿನ ಹಲ್ಲು ಎರಡೂ ಅದರ ಜೊತೆಗೇ ಸರಿಯುತ್ತವೆ. ಹಾಗಾಗಿ ಮೇಲಿನ ಪದರ, ಕೆಳಗಿನ ಪದರ ಒಟ್ಟಿಗೆ ಹೋಗುತ್ತವೆ. ನನ್ನದರಲ್ಲಿ ಸೂಜಿ ನೆಟ್ಟಗೆ ಇಳಿದು ನೆಟ್ಟಗೆ ಏರುತ್ತಿತ್ತು. ಬಟ್ಟೆ ಎಳೆಯುತ್ತಿದ್ದದ್ದು ಕೆಳಗಿನ ಹಲ್ಲು ಮಾತ್ರ. ಎರಡನೇ ಗುರುತು ಬಾಬಿನ್, ಅಂದರೆ ಕೆಳಗಿನ ದಾರ ಸುತ್ತಿಡುವ ಉರುಳೆ. 111ರಲ್ಲಿ ಬಾಬಿನ್ ಮೇಲಿನಿಂದ ಕೂರುತ್ತೆ, ಸೂಜಿಯ ಪಕ್ಕದ ಪ್ಲೇಟ್ ಸರಿಸಿದರೆ ಕಾಣುತ್ತೆ. 31ರಲ್ಲಿ ಕೇಸ್ ಸಮೇತ ಕೆಳಗಡೆಯಿಂದ ಹಾಕಬೇಕು, ಸೂಜಿಯ ದಾರ ಹಿಡಿಯುವ ಶಟಲ್ ಪೂರ್ತಿ ಸುತ್ತದೆ ಹೋಗಿ ಬಂದು ಮಾಡುತ್ತೆ. ಮೂರನೆಯದು ಸೂಜಿ. ವಾಕಿಂಗ್ ಫೂಟಿಗೆ ಡಿಪಿ×17 ಅನ್ನೋ ನಮೂನೆಯ ಸೂಜಿ, ಬುಡ 2 ಮಿಲಿಮೀಟರ್ ದಪ್ಪ. ಟೈಲರಿಂಗ್ ಮೆಷಿನ್ನಿನ ಡಿಬಿ×1 ಬುಡ 1.62. ಮನೆ ಮೆಷಿನ್ನಿನ ಸೂಜಿಯಾದರೆ ಬುಡದ ಒಂದು ಕಡೆ ಚಪ್ಪಟೆ. ಡಿಪಿ×17 ಸೂಜಿ ಒಂದು ಜೇಬಿನಲ್ಲಿಟ್ಟುಕೊಂಡು ಹೋಗಿ. ಅದು ಕೂರದಿದ್ದರೆ ಅಲ್ಲಿಗೆ ಮಾತು ಮುಗಿಯಿತು.

ಹಾಗಂತ 31 ಕೆಟ್ಟ ಮೆಷಿನ್ ಅಲ್ಲ. ಪ್ಯಾಂಟು, ಕೋಟು ಹೊಲಿಯುವವರಿಗೆ ಅದು ಬಹಳ ಬಾಳಿಕೆಯ ಮಾಲು. ಲೂಧಿಯಾನದಲ್ಲಿ ಅದೇ ನಮೂನೆಯಲ್ಲಿ ತಯಾರಾಗುವ ಹೆಡ್‌ಗಳೂ ಕೊಟ್ಟ ಬೆಲೆಗೆ ಕೆಲಸ ಮಾಡುತ್ತವೆ, ಬಿಡಿಭಾಗವೂ ಸಿಗುತ್ತೆ. ಅದನ್ನು ಅದೇ ಹೆಸರು, ಅದೇ ಬೆಲೆ ಹೇಳಿ ಮಾರಬೇಕು.

ಮಾದರಿ ಹೆಸರಿನ ಹಿತ್ತಾಳೆ ಪ್ಲೇಟನ್ನು ನಂಬಬೇಡಿ. ಅದನ್ನು ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ಹೊಡೆಯಬಹುದು. ನನ್ನದರಲ್ಲಿ ಪ್ಲೇಟಿನ ರಿವೆಟ್ ಕೂಡ ಹೊಚ್ಚ ಹೊಸದು. ಹೆಡ್ಡಿನ ಮೇಲೇ ಒತ್ತಿದ ಸೀರಿಯಲ್ ನಂಬರ್ ನೋಡಿ. 1900ರ ನಂತರದ ಸಿಂಗರ್‌ಗಳಲ್ಲಿ ಅಂಕಿಗಳ ಮುಂದೆ ಒಂದೋ ಎರಡೋ ಇಂಗ್ಲಿಷ್ ಅಕ್ಷರ ಇರುತ್ತೆ. ಮಾದರಿಯ ಹೆಸರಿನಲ್ಲಿ ಕೆ ಇದ್ದರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆ, ಡಬ್ಲ್ಯೂ ಇದ್ದರೆ ಅಮೆರಿಕದ ಬ್ರಿಡ್ಜ್‌ಪೋರ್ಟ್. ಕ್ಲೈಡ್‌ಬ್ಯಾಂಕ್ 1980ರಲ್ಲೇ ಮುಚ್ಚಿತು. ಅದಕ್ಕೇ "ಸ್ಕಾಟ್ಲೆಂಡ್ ಮಾಲು, 90ರ ದಶಕದ್ದು" ಅಂತ ಯಾರಾದರೂ ಹೇಳಿದರೆ ಅದು ಸುಳ್ಳು. ನನ್ನ ಮೆಷಿನ್ನಿನಲ್ಲಿ ನಂಬರ್ ಇರಬೇಕಾದ ಕಡೆ ಪುಟ್ಟಿ ಮೆತ್ತಿ ಪೇಂಟ್ ಹೊಡೆದಿದ್ದರು. ಕೆರೆದರೆ ಕೆಳಗೆ ನಂಬರೇ ಇಲ್ಲ.

ಸವೆತವನ್ನು ಪೇಂಟ್ ಮುಚ್ಚಲಾರದು. ದಾರ ಹಾಯುವ ಕೊಂಡಿಗಳಲ್ಲಿ, ಮೇಲೆ ಕೆಳಗೆ ಆಡುವ ಲಿವರ್ ತೂತಿನಲ್ಲಿ ಉಗುರು ಹಾಯಿಸಿ. ಗೆರೆ ಬಿದ್ದಿದ್ದರೆ ವರ್ಷಗಟ್ಟಲೆ ದುಡಿದ ಮೆಷಿನ್ ಅದು. ಸೂಜಿ ಕಡ್ಡಿಯನ್ನು ಹಿಡಿದು ಅಲ್ಲಾಡಿಸಿ. ಲಟಲಟ ಅಂದರೆ ಆ ಕಡ್ಡಿ ಆಡುವ ಬುಷ್ ಸವೆದು ಹೋಗಿದೆ. ಶಟಲ್ಲಿನ ಮೂತಿಗೆ ಟಾರ್ಚ್ ಬಿಡಿ. ನನ್ನದರ ಮೂತಿ ಮೊಂಡಾಗಿತ್ತು, ಹೊಲಿಗೆ ತಪ್ಪುತ್ತಿದ್ದದ್ದು ಅದಕ್ಕೇ.

ಮಾರಿದವರಿಗೆ ಫೋನ್ ಮಾಡಿದರೆ "ನೋಡಿಯೇ ತಗೊಂಡ್ರಲ್ಲ" ಅಂದರು. ಆಮೇಲೆ ಎತ್ತಲೇ ಇಲ್ಲ. ಬಿಲ್ ಕೊಟ್ಟಿರಲಿಲ್ಲ. ಮಾದರಿಯ ಹೆಸರು, ಸೀರಿಯಲ್ ನಂಬರ್, ಮೋಟಾರ್ ಯಾವ ಫೇಸ್ ಅನ್ನೋದನ್ನು ಬರೆದ ಚೀಟಿಗೆ ಸಹಿ ಹಾಕಿಸಿಕೊಂಡೇ ದುಡ್ಡು ಕೊಡಿ. ಚಿಕ್ಕಮಗಳೂರು, ಬೇಲೂರು, ಆಲ್ದೂರು ಕಡೆಯವರು ಯಾರಾದರೂ ವಾಕಿಂಗ್ ಫೂಟ್ ನೋಡಲು ಹೊರಟಿದ್ದರೆ ತಿಳಿಸಿ. ಸೂಜಿ, ರೆಕ್ಸಿನ್ ತುಂಡು, ಟಾರ್ಚ್ ಹಿಡಿದು ನಾನೂ ಜೊತೆಗೆ ಬರುತ್ತೇನೆ.